ಅಡ್ವಾನ್ಸ್‌ಡ್ ಡೇಟಾಬೇಸ್ ಓದ್ಲಿಕ್ಕೆ ಯಾವ ದಾರಿ? ಕಾಲೇಜ್ ಪೇಪರ್, ಎನ್‌ಪಿಟೆಲ್, ಬರ್ಕ್ಲಿ, ಸಿಎಂಯು

ಪೆರ್ಲದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಈ ಸಲ ಎಂಎಸ್ಸಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದ್ದಾಳೆ, ಇಲೆಕ್ಟಿವ್ ಅಂತ ಅಡ್ವಾನ್ಸ್‌ಡ್ ಡೇಟಾಬೇಸ್ ತಗೊಂಡಿದ್ದಾಳೆ. ಹೋದ ವಾರ ಫೋನ್ ಮಾಡಿ "ಅಣ್ಣ, ಸಿಲಬಸ್ ನೋಡಿದ್ರೆ ತಲೆ ತಿರುಗ್ತದೆ, ಒಬ್ರು ಎನ್‌ಪಿಟೆಲ್ ನೋಡು ಅಂತಾರೆ, ಇನ್ನೊಬ್ರು ಸಿಎಂಯು ನೋಡು ಅಂತಾರೆ, ನಾನು ಎಂತ ಮಾಡುದು?" ಅಂತ ಕೇಳಿದ್ಳು. ಎನ್‌ಪಿಟೆಲ್ ಅಂದ್ರೆ ಐಐಟಿಯವರ ಆನ್‌ಲೈನ್ ಪಾಠ, ಸಿಎಂಯು ಅಂದ್ರೆ ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಾ ಇದ್ದೇನೆ, ಯಾಕಂದ್ರೆ ಕುಂಬ್ಳೆ ಬದಿಯಡ್ಕ ಮುಳ್ಳೇರಿಯ ಮಂಜೇಶ್ವರ ಕಡೆಯಿಂದ ಹತ್ತನೇವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಆಮೇಲೆ ಪೆರಿಯಕ್ಕೋ ಪೊವ್ವಲ್‌ಗೋ ಕೊಣಾಜೆಗೋ ಕಾಲೇಜಿಗೆ ಹೋಗುವ ಮಕ್ಕಳು ಸುಮಾರು ಜನ ಇದ್ದಾರೆ, ಈ ಪ್ರಶ್ನೆ ಅವಳೊಬ್ಬಳದ್ದಲ್ಲ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡ್ತೇನೆ. ಡಿಗ್ರಿಯಲ್ಲಿ ನಾವು ಡೇಟಾಬೇಸನ್ನು ಹೊರಗಿಂದ ಬಳಸ್ಲಿಕ್ಕೆ ಕಲೀತೇವೆ, ಟೇಬಲ್ ಮಾಡುದು, ಜಾಯಿನ್ ಬರೆಯುದು, ನಾರ್ಮಲ್ ಫಾರ್ಮ್ ಕಂಡುಹಿಡಿಯುದು. ಅಡ್ವಾನ್ಸ್‌ಡ್ ಅಂದ್ರೆ ಅದರ ಒಳಗೆ ಇಳಿಯುದು: ಒಂದು ಸಾಲು ಡಿಸ್ಕಿನಲ್ಲಿ ಎಲ್ಲಿ ಕೂತಿದೆ, ಕ್ವೆರಿ (ಡೇಟಾ ಕೇಳುವ ಪ್ರಶ್ನೆ) ಕೊಟ್ಟ ಮೇಲೆ ಯಾವ ದಾರಿಯಲ್ಲಿ ಹುಡುಕುದು ಅಂತ ಯಾರು ತೀರ್ಮಾನ ಮಾಡ್ತಾರೆ, ಇಬ್ರು ಒಟ್ಟಿಗೆ ಬರೆದ್ರೆ ಏನಾಗ್ತದೆ, ಕರೆಂಟ್ ಹೋದ್ರೆ ಏನು ಉಳೀತದೆ. ಇದನ್ನು ಒಮ್ಮೆಯಾದ್ರೂ ಕೈಯಾರೆ ಕಟ್ಟದೆ ಬರೀ ಕೇಳಿ ಓದಿದ್ರೆ ಪರೀಕ್ಷೆ ಮುಗಿದ ತಿಂಗಳಿಗೆ ಮರೆತು ಹೋಗ್ತದೆ. ಹಾಗಾಗಿ ಕೆಳಗಿನ ಯಾವ ದಾರಿಯನ್ನೂ ನಾನು ತೂಗುದು ಒಂದೇ ತಕ್ಕಡಿಯಲ್ಲಿ, ಅದು ನಿಮ್ಮ ಕೈಯಿಂದ ಎಷ್ಟು ಕಟ್ಟಿಸ್ತದೆ ಅಂತ.

ಬರೀ ಕಾಲೇಜ್ ಪೇಪರ್ ಹಿಡಿದು ಹೋಗುವವರ ಬಗ್ಗೆ ಮೊದಲು ಹೇಳ್ತೇನೆ. ಕಾಲೇಜಿನಲ್ಲಿ ಥಿಯರಿ ಕೆಟ್ಟದಾಗಿ ಹೇಳಿಕೊಡ್ತಾರೆ ಅಂತಲ್ಲ. ಸೀರಿಯಲೈಸೆಬಿಲಿಟಿ, ಟೂ ಫೇಸ್ ಲಾಕಿಂಗ್, ಪ್ರಿಸಿಡೆನ್ಸ್ ಗ್ರಾಫ್ ಇವೆಲ್ಲ (ಹಲವರು ಒಟ್ಟಿಗೆ ಬರೆದ್ರೂ ಡೇಟಾ ತಪ್ಪದ ಹಾಗೆ ನೋಡುವ ವಿಷಯ) ಬೋರ್ಡಿನಲ್ಲಿ ಚಾಕ್ ಹಿಡಿದು ಒಬ್ರು ನಿಧಾನಕ್ಕೆ ಬಿಡಿಸಿದ ಹಾಗೆ ಯಾವ ವಿಡಿಯೋದಲ್ಲೂ ತಲೆಗೆ ಹೋಗುದಿಲ್ಲ, ಡೌಟ್ ಬಂದ್ರೆ ಅಲ್ಲಿಯೇ ಕೇಳ್ಬಹುದು. ತೊಂದರೆ ಇರುದು ಲ್ಯಾಬ್‌ನಲ್ಲಿ. ನಾನು ಓದುವಾಗ ಪೇಪರಿನ ಹೆಸರಲ್ಲಿ ಅಡ್ವಾನ್ಸ್‌ಡ್ ಇತ್ತು, ಲ್ಯಾಬ್‌ನಲ್ಲಿ ಮಾತ್ರ ಡಿಗ್ರಿಯಲ್ಲಿ ಮಾಡಿದ ಅದೇ ಟ್ರಿಗರ್, ಅದೇ ಕರ್ಸರ್, ಅದೇ ಎಂಪ್ಲಾಯಿ ಟೇಬಲ್. ಬಿ ಪ್ಲಸ್ ಟ್ರೀಯ (ಸಾಲನ್ನು ಬೇಗ ಹುಡುಕ್ಲಿಕ್ಕೆ ಮಾಡುವ ಮರದ ಆಕಾರದ ಇಂಡೆಕ್ಸ್) ಚಿತ್ರ ಇಪ್ಪತ್ತು ಸಲ ಬರೆದಿದ್ದೇನೆ, ಒಂದು ಸಲವೂ ಅದರ ಕೋಡ್ ಬರೆದಿರ್ಲಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಒಂದು ಸ್ಲೋ ಕ್ವೆರಿ ಎದುರಿಗೆ ಬಂದಾಗ ಎಲ್ಲಿಂದ ಹಿಡಿಯುದು ಅಂತ ಗೊತ್ತಾಗದೆ ಎರಡು ದಿನ ಸುಮ್ಮನೆ ಕೂತಿದ್ದೆ. ಕಾಲೇಜ್ ಪೇಪರ್ ಬಿಡ್ಲಿಕ್ಕೆ ಆಗುದಿಲ್ಲ, ಮಾರ್ಕ್ ಬೇಕು, ಆದ್ರೆ ಅದೊಂದೇ ಸಾಕು ಅಂತ ದಯವಿಟ್ಟು ಅಂದ್ಕೊಳ್ಬೇಡಿ.

ಎನ್‌ಪಿಟೆಲ್. ಬೇಸಿಕ್ಸ್ ಸಡಿಲ ಇದ್ದವರಿಗೆ, ಗೇಟ್ (ಎಂಟೆಕ್ ಪ್ರವೇಶ ಪರೀಕ್ಷೆ) ಬರೆಯುವವರಿಗೆ ಇದು ಒಳ್ಳೆದು. ಐಐಟಿ ಖರಗ್‌ಪುರದ ಡಿಬಿಎಂಎಸ್ ಕೋರ್ಸ್ ತಾಳ್ಮೆಯಿಂದ ಹೋಗ್ತದೆ, ಉಚ್ಚಾರಣೆ ನಮ್ಮ ಕಿವಿಗೆ ಹತ್ತಿರ, ವಾರಕ್ಕೊಂದು ಅಸೈನ್‌ಮೆಂಟ್ ಇರುವ ಕಾರಣ ಶಿಸ್ತು ತಾನಾಗಿ ಬರ್ತದೆ. ಕೇಳ್ಲಿಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದ್ರೆ ಮಾತ್ರ ಪರೀಕ್ಷೆಗೆ ಫೀಸು, ಅದ್ರಲ್ಲಿ ಅಸೈನ್‌ಮೆಂಟಿಗೆ 25 ಪರ್ಸೆಂಟ್, ಸೆಂಟರಿಗೆ ಹೋಗಿ ಬರೆಯುವ ಪರೀಕ್ಷೆಗೆ 75. ಆದ್ರೆ ಇದು ಬಹುಪಾಲು ಮೊದಲ ಹಂತದ ಕೋರ್ಸ್. ಗೇಟ್ ಸಿಲಬಸ್‌ನಲ್ಲಿ ಇರುದು ರಿಲೇಷನಲ್ ಆಲ್ಜಿಬ್ರ, ಎಸ್‌ಕ್ಯೂಎಲ್, ನಾರ್ಮಲ್ ಫಾರ್ಮ್, ಇಂಡೆಕ್ಸಿಂಗ್, ಟ್ರಾನ್ಸಾಕ್ಷನ್, ಕನ್ಕರೆನ್ಸಿ, ಅಷ್ಟಕ್ಕೆ ಧಾರಾಳ ಸಾಕು. ಕ್ವೆರಿ ಆಪ್ಟಿಮೈಸರ್, ಅಂದ್ರೆ ಹುಡುಕುವ ಅಗ್ಗದ ದಾರಿ ಆರಿಸುವ ಭಾಗ, ಅದರ ಒಳಗೆ ಇಳೀಬೇಕು ಅಂದ್ರೆ ಇಲ್ಲಿ ಹುಡುಕ್ಬೇಡಿ.

ಇನ್ನು ನಿಜವಾದ ಆಯ್ಕೆ ಇರುದು ಎರಡರ ನಡುವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಿಎಸ್ 186, ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್‌ನ 15-445 ಅನ್ನುವ ಕೋರ್ಸ್‌ಗಳು. ಎರಡೂ ಅಲ್ಲಿಯ ಬಿಟೆಕ್ ಮಟ್ಟದ್ದು ಅಂತ ಹೆಸರಿಗೆ, ನಮ್ಮ ಎಂಎಸ್ಸಿ ಅಡ್ವಾನ್ಸ್‌ಡ್ ಪೇಪರಿನ ಮುಕ್ಕಾಲು ಪಾಲು ಇವುಗಳ ಒಳಗೇ ಬರ್ತದೆ. ಎರಡರ ಪಾಠವೂ ಪ್ರಾಜೆಕ್ಟಿನ ಕೋಡೂ ಯಾರು ಬೇಕಾದ್ರೂ ತಗೊಳ್ಬಹುದು.

ಬರ್ಕ್ಲಿಯದ್ದು ಜಾವಾ. ರೂಕಿಡಿಬಿ ಅಂತ ಅರ್ಧ ಕಟ್ಟಿದ ಒಂದು ಪುಟ್ಟ ಡೇಟಾಬೇಸ್ ಕೈಗೆ ಕೊಡ್ತಾರೆ, ಖಾಲಿ ಬಿಟ್ಟ ಜಾಗ ನೀವು ತುಂಬಬೇಕು. ಮೊದಲು ಎಸ್‌ಕ್ಯೂಎಲ್, ಆಮೇಲೆ ಬಿ ಪ್ಲಸ್ ಟ್ರೀ, ಮತ್ತೆ ಜಾಯಿನ್ ಮತ್ತು ಆಪ್ಟಿಮೈಸರ್, ಲಾಕಿಂಗ್, ಕೊನೆಗೆ ರಿಕವರಿ, ಅಂದ್ರೆ ಕರೆಂಟ್ ಹೋಗಿ ನಿಂತ ಮೇಲೆ ಸರಿ ಮಾಡುದು. ಟೆಸ್ಟ್ ಕೋಡ್ ಒಟ್ಟಿಗೇ ಬರುವ ಕಾರಣ ಸರಿಯಾ ತಪ್ಪಾ ಅಂತ ಕೂಡ್ಲೇ ಗೊತ್ತಾಗ್ತದೆ. ನೋಟ್ಸ್ ಅಂತೂ ತುಂಬ ಸರಳ ಇಂಗ್ಲಿಷ್, ಲೆಕ್ಕದ ಸಮೇತ. ಉದಾಹರಣೆಗೆ ಜಾಯಿನ್ ಲೆಕ್ಕ ನೋಡಿ: ಒಂದು ಟೇಬಲ್ 1000 ಪೇಜ್ (ಡಿಸ್ಕಿನಿಂದ ಒಂದು ಸಲಕ್ಕೆ ಓದುವ ತುಂಡು), ಇನ್ನೊಂದು 500 ಪೇಜ್ ಅಂತ ಇಟ್ಕೊಳ್ಳಿ. ಚಿಕ್ಕದರ ಒಂದೊಂದು ಪೇಜಿಗೂ ದೊಡ್ಡದನ್ನು ಪೂರ್ತಿ ಓದಿದ್ರೆ 500 ಪ್ಲಸ್ 500 ಇಂಟು 1000, ಅಂದ್ರೆ 5,00,500 ಸಲ ಡಿಸ್ಕಿಗೆ ಹೋಗ್ಬೇಕು. ಮೆಮೊರಿಯಲ್ಲಿ 102 ಪೇಜಿಗೆ ಜಾಗ ಇದ್ರೆ, ದೊಡ್ಡದಕ್ಕೊಂದು ಉತ್ತರಕ್ಕೊಂದು ಬಿಟ್ಟು, ಚಿಕ್ಕದನ್ನು ನೂರು ನೂರು ಪೇಜಿನ ಕಟ್ಟು ಮಾಡಿ ಓದ್ಬಹುದು, ಆಗ 500 ಪ್ಲಸ್ 5 ಇಂಟು 1000, ಬರೀ 5,500. ಹ್ಯಾಶ್ ಜಾಯಿನ್ ಮಾಡಿದ್ರೆ ಎರಡೂ ಟೇಬಲನ್ನು ಒಂದು ಸಲ ಓದಿ ಪಾರ್ಟಿಷನ್ ಮಾಡಿ ಬರೆದು ಮತ್ತೊಮ್ಮೆ ಓದುದು, ಮೂರು ಇಂಟು 1500, 4,500. ಅದೇ ಉತ್ತರ, ಅದೇ ಟೇಬಲ್, ದಾರಿ ಬೇರೆ ಅಷ್ಟೇ. ಈ ಲೆಕ್ಕ ನನಗೆ ಮೊದಲ ಸಲ ಅರ್ಥ ಆದಾಗ ಎಷ್ಟು ಖುಷಿ ಆಯ್ತು ಅಂದ್ರೆ ರಾತ್ರಿ ಹನ್ನೊಂದು ಗಂಟೆಗೆ ರೂಮಿನವನನ್ನು ಎಬ್ಬಿಸಿ ಕಾಗದದಲ್ಲಿ ಬರೆದು ತೋರ್ಸಿದ್ದೆ. 1979ರಲ್ಲಿ ಐಬಿಎಂನಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಜೊತೆಯವರು ಸಿಸ್ಟಮ್ ಆರ್ ಅನ್ನುವ ಡೇಟಾಬೇಸಿಗೆ ಇಂಥ ಖರ್ಚಿನ ಲೆಕ್ಕ ಹಾಕಿ ದಾರಿ ಆರಿಸುವ ಆಪ್ಟಿಮೈಸರ್ ಬರೆದ್ರು, ಇವತ್ತಿನ ಡೇಟಾಬೇಸ್‌ಗಳೂ ಅದೇ ಬುಡದಿಂದ ಬೆಳೆದದ್ದು, ಬರ್ಕ್ಲಿಯ ಮೂರನೇ ಪ್ರಾಜೆಕ್ಟ್‌ನಲ್ಲಿ ಅದನ್ನೇ ಚಿಕ್ಕದಾಗಿ ನೀವೇ ಬರೀತೀರಿ.

ಸಿಎಂಯುವಿನದ್ದು ಸಿ ಪ್ಲಸ್ ಪ್ಲಸ್. ಬಸ್‌ಟಬ್ ಅಂತ ಅವರ ಡೇಟಾಬೇಸಿನ ಹೆಸರು, ಪಾಠ ಮಾಡುದು ಆಂಡಿ ಪಾವ್ಲೊ. ಮನುಷ್ಯ ತುಂಬ ಸ್ಪೀಡಾಗಿ ಮಾತಾಡ್ತಾರೆ, ಕನ್ನಡ ಮೀಡಿಯಂನಿಂದ ಬಂದವರು ಮೊದಲ ವಾರ ಮುಕ್ಕಾಲು ಸ್ಪೀಡಿನಲ್ಲಿ ಇಟ್ಟು ಕ್ಯಾಪ್ಶನ್ ಹಾಕಿ ನೋಡಿ, ಕಿವಿ ಹೊಂದಿಕೊಳ್ತದೆ. ಇಲ್ಲಿ ಶುರುವಾಗುದೇ ಬಫರ್ ಪೂಲ್‌ನಿಂದ, ಅಂದ್ರೆ ಡಿಸ್ಕಿನ ಪೇಜನ್ನು ಮೆಮೊರಿಗೆ ತಂದು ಯಾವುದನ್ನು ಇಟ್ಕೊಳ್ಳುದು ಯಾವುದನ್ನು ಹೊರಗೆ ಹಾಕುದು ಅನ್ನುವ ಕೆಲಸ. ಬರ್ಕ್ಲಿಯಲ್ಲಿ ಅದನ್ನು ಮಾಡಿಯೇ ಕೊಟ್ಟಿರ್ತಾರೆ. ಆಮೇಲೆ ಇಂಡೆಕ್ಸ್, ಕ್ವೆರಿ ಎಕ್ಸಿಕ್ಯೂಷನ್, ಕನ್ಕರೆನ್ಸಿ ಕಂಟ್ರೋಲ್. ಕಷ್ಟ ಜಾಸ್ತಿ, ಅದನ್ನು ಮುಚ್ಚಿಡುದಿಲ್ಲ. ನಾನು ಬಿ ಪ್ಲಸ್ ಟ್ರೀ ಮಾಡುವಾಗ ಸಾವಿರ ಕೀ ಹಾಕಿದ್ರೆ ಸರಿ ಇತ್ತು, ಹತ್ತು ಸಾವಿರ ಹಾಕಿದ್ರೆ ಪ್ರೋಗ್ರಾಮ್ ಸುಮ್ಮನೆ ನಿಂತು ಬಿಡ್ತಿತ್ತು, ಎರರ್ ಇಲ್ಲ ಏನಿಲ್ಲ. ನಾಲ್ಕು ದಿನ ಹುಡುಕಿದೆ. ಕಡೆಗೆ ನೋಡಿದ್ರೆ ಲೀಫ್ (ಟ್ರೀಯ ತುದಿಯ ಪೇಜ್) ಒಡೆದು ಎರಡಾಗುವ ಕೋಡಿನ ಒಂದೇ ಒಂದು ಕವಲಿನಲ್ಲಿ ನಾನು ಹಿಡಿದ ಪೇಜನ್ನು ಬಿಟ್ಟಿರ್ಲಿಲ್ಲ, ಹಾಗೆ ಬಿಡದೆ ಬಿಡದೆ ಬಫರ್ ಪೂಲ್ ತುಂಬಿ ಹೊಸ ಪೇಜಿಗೆ ಜಾಗವೇ ಇಲ್ಲ. ಆ ನಾಲ್ಕು ದಿನ ನನಗೆ ಇಡೀ ಸೆಮಿಸ್ಟರಿಗಿಂತ ಹೆಚ್ಚು ಕಲಿಸಿತು. ಮತ್ತೆ ಒಟ್ಟೊಟ್ಟಿಗೆ ಹಲವು ಥ್ರೆಡ್ (ಒಂದೇ ಪ್ರೋಗ್ರಾಮಿನ ಬೇರೆ ಬೇರೆ ಓಟ) ಟ್ರೀಗೆ ಇಳಿಯುವಾಗ ಕೆಳಗಿನ ನೋಡ್‌ನ (ಟ್ರೀಯ ಒಂದು ಗಂಟು) ಲ್ಯಾಚ್, ಅಂದ್ರೆ ಸ್ವಲ್ಪ ಹೊತ್ತಿನ ಬೀಗ, ಸಿಕ್ಕಿದ ಮೇಲೆಯೇ ಮೇಲಿನದ್ದನ್ನು ಬಿಡುದು, ಇದಕ್ಕೆ ಅವರು ಕ್ರ್ಯಾಬಿಂಗ್ ಅಂತಾರೆ, ಏಡಿ ನಡೆದ ಹಾಗೆ. ಗದ್ದೆಯ ಬದುವಿನಲ್ಲಿ ಏಡಿ ನೋಡಿದವರಿಗೆ ಅದನ್ನು ಬೇರೆ ವಿವರಿಸಬೇಕು ಅಂತಿಲ್ಲ.

ಈಗ ಯಾವುದು ಆರಿಸುದು? ಭಾಷೆ ಮೊದಲು. ಜಾವಾ ಮಾತ್ರ ಗೊತ್ತಿದ್ರೆ ಬರ್ಕ್ಲಿ, ಸಿ ಪ್ಲಸ್ ಪ್ಲಸ್ ಕಲೀತಾ ಡೇಟಾಬೇಸೂ ಕಲೀತೇನೆ ಅಂತ ಹೊರಟ್ರೆ ಸೆಮಿಸ್ಟರ್ ಮಧ್ಯದಲ್ಲಿ ಎರಡೂ ಕೈ ಬಿಡ್ತದೆ. ಲ್ಯಾಪ್‌ಟಾಪ್ ಎರಡನೆಯದು. ಹಳೇ ನಾಲ್ಕು ಜಿಬಿ ರ್‍ಯಾಮ್‌ನ ಮೆಷಿನ್‌ನಲ್ಲಿ ಬಸ್‌ಟಬ್ ಕಂಪೈಲ್ ಮಾಡುದು ತಾಳ್ಮೆ ಪರೀಕ್ಷೆ, ವಿಂಡೋಸ್ ಆದ್ರೆ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಹಾಕ್ಬೇಕು ಇಲ್ಲ ಉಬುಂಟು ಬೇಕು. ಮೂರನೇದು, ನನ್ನ ಮಟ್ಟಿಗೆ ಇದೇ ಮುಖ್ಯ, ನಿಮ್ಮ ಕಾಲೇಜ್ ಪೇಪರ್ ಎಂತ ಕೇಳ್ತದೆ ಅಂತ ನೋಡಿ. ಸಿಲಬಸ್‌ನಲ್ಲಿ ಟೂ ಫೇಸ್ ಲಾಕಿಂಗ್, ಇಂಟೆಂಟ್ ಲಾಕ್, ಏರೀಸ್ ರಿಕವರಿ ಇದ್ರೆ ಬರ್ಕ್ಲಿ ಕಣ್ಣು ಮುಚ್ಚಿ ತಗೊಳ್ಳಿ, ಅವರ ನಾಲ್ಕನೇ ಐದನೇ ಪ್ರಾಜೆಕ್ಟ್ ಅದೇ. ಸಿಎಂಯು ಈಚಿನ ವರ್ಷಗಳಲ್ಲಿ ಲಾಕ್ ಬಿಟ್ಟು ಎಂವಿಸಿಸಿ ಕಡೆಗೆ ಹೋಗಿದೆ, ಅಂದ್ರೆ ಒಂದೇ ಸಾಲಿನ ಹಳೇ ಹೊಸ ಆವೃತ್ತಿ ಎರಡನ್ನೂ ಇಟ್ಟು ಓದುವವರು ಬರೆಯುವವರು ಒಬ್ಬರಿಗೊಬ್ಬರು ಕಾಯದ ಹಾಗೆ ಮಾಡುದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್ ಎಲ್ಲ ನಡೆಯುದು ಆ ದಾರಿಯಲ್ಲಿಯೇ, ಹಾಗಾಗಿ ಕೆಲಸಕ್ಕೆ ಸಿಎಂಯು ಹತ್ತಿರ. ಆದ್ರೆ ರಿಕವರಿಯನ್ನು ಅಲ್ಲಿ ಪಾಠದಲ್ಲಿ ಕೇಳ್ತೀರಿ, ಪ್ರಾಜೆಕ್ಟ್‌ನಲ್ಲಿ ಬರೆಯುದಿಲ್ಲ.

ರಿಕವರಿ ಬರೆಯದೆ ಬಿಡುದು ನನಗೆ ನಷ್ಟ ಅಂತಲೇ ಕಾಣ್ತದೆ, ಯಾಕಂದ್ರೆ ಈ ಇಡೀ ವಿಷಯದಲ್ಲಿ ನಮ್ಮೂರಿನವರಿಗೆ ಸುಲಭಕ್ಕೆ ಮನಸ್ಸಿಗೆ ಹತ್ತುದು ಅದೇ. ನನ್ನ ಅಜ್ಜ ಅಡಿಕೆ ವ್ಯಾಪಾರ ಮಾಡ್ತಿದ್ರು. ಯಾರು ಎಷ್ಟು ಕಿಲೋ ತಂದ್ರು, ಎಷ್ಟು ಮುಂಗಡ ತಗೊಂಡ್ರು, ಎಲ್ಲ ಮೊದಲು ದಿನವಹಿಗೆ ಬರೀತಿದ್ರು, ಬಂದ ಕ್ರಮದಲ್ಲಿ, ಒಂದರ ಕೆಳಗೆ ಒಂದು. ರಾತ್ರಿ ಊಟ ಆದ ಮೇಲೆ ಅದನ್ನು ನೋಡಿ ಒಬ್ಬೊಬ್ಬರ ಖಾತೆ ಪುಟಕ್ಕೆ ಏರಿಸ್ತಿದ್ರು. ಏರಿಸುವಾಗ ದೀಪ ಆರಿದ್ರೂ ಚಿಂತೆ ಇಲ್ಲ, ಬೆಳಿಗ್ಗೆ ಎದ್ದು ದಿನವಹಿ ನೋಡಿ ಮತ್ತೆ ಏರಿಸಿದ್ರೆ ಆಯ್ತು. ರೈಟ್ ಅಹೆಡ್ ಲಾಗ್ ಅಂದ್ರೆ ಆ ದಿನವಹಿ, ಪೇಜ್ ಅಂದ್ರೆ ಖಾತೆ ಪುಟ. ಲಾಗ್ ಡಿಸ್ಕಿಗೆ ಬೀಳದೆ ಪೇಜ್ ಡಿಸ್ಕಿಗೆ ಹೋಗ್ಬಾರ್ದು, ನಿಯಮ ಅಷ್ಟೇ. ಏರೀಸ್ ಅನ್ನುವ ರಿಕವರಿ ವಿಧಾನ ಅದಕ್ಕೆ ಮೂರು ಹೆಜ್ಜೆ ಇಡ್ತದೆ: ಎಲ್ಲಿಗೆ ನಿಂತಿತ್ತು ಅಂತ ನೋಡುದು, ಆದದ್ದನ್ನೆಲ್ಲ ಮತ್ತೊಮ್ಮೆ ಮಾಡುದು, ಅರ್ಧಕ್ಕೆ ನಿಂತವರದ್ದನ್ನು ಹಿಂದೆ ತೆಗೆಯುದು. ಅರ್ಧಕ್ಕೆ ನಿಂತದ್ದನ್ನೂ ಮೊದಲು ಪುನಃ ಮಾಡಿ ಆಮೇಲೆ ತೆಗೆಯುದು ಯಾಕೆ ಅಂತ ಓದುವಾಗ ಗೊತ್ತಾಗುದಿಲ್ಲ, ಕೋಡ್ ಬರೆಯುವಾಗ ಗೊತ್ತಾಗ್ತದೆ. 1992ರಲ್ಲಿ ಏರೀಸ್‌ನ ಸಂಶೋಧನಾ ಪೇಪರ್ ಬರೆದವರಲ್ಲಿ ಮೊದಲ ಹೆಸರು ಸಿ. ಮೋಹನ್, ಮದ್ರಾಸ್ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಆಮೇಲೆ ಕಂಪ್ಯೂಟರಿಗೆ ಬಂದವರು.

ಐದನೇ ದಾರಿ ಒಂದುಂಟು, ಇದನ್ನು ಯಾವ ದಾರಿ ಹಿಡಿದವರೂ ಪಕ್ಕದಲ್ಲಿ ಇಟ್ಕೊಳ್ಬೇಕು: ಪೋಸ್ಟ್‌ಗ್ರೆಸ್ ಇನ್‌ಸ್ಟಾಲ್ ಮಾಡಿ ಅದನ್ನೇ ಕೆದಕುದು. ಬರ್ಕ್ಲಿಯಲ್ಲಿ 1986ರಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ ಪ್ರಾಜೆಕ್ಟಿನಿಂದ ಬಂದದ್ದು, ಫ್ರೀ, ಹಳೇ ಮೆಷಿನ್‌ನಲ್ಲೂ ಓಡ್ತದೆ. ಎರಡು ಟರ್ಮಿನಲ್ ತೆಗೀರಿ. ಯಕ್ಷಗಾನ ಮೇಳದ ಒಂದು ಟೇಬಲ್ ಮಾಡಿ, ಅದರಲ್ಲಿ ಇಬ್ರು ಚೆಂಡೆಯವರು, ಇಬ್ರೂ ಇವತ್ತಿನ ಆಟಕ್ಕೆ ಇದ್ದಾರೆ. ನಿಯಮ ಏನಂದ್ರೆ ಒಬ್ರಾದ್ರೂ ಇರಲೇಬೇಕು. ಎರಡೂ ಟರ್ಮಿನಲ್‌ನಲ್ಲಿ ರಿಪೀಟೆಬಲ್ ರೀಡ್ ಅನ್ನುವ ಐಸೋಲೇಷನ್ ಲೆವೆಲ್‌ನಲ್ಲಿ (ಒಬ್ರ ಕೆಲಸ ಇನ್ನೊಬ್ರಿಗೆ ಎಷ್ಟು ಕಾಣ್ಬೇಕು ಅನ್ನುವ ಮಟ್ಟ) ಟ್ರಾನ್ಸಾಕ್ಷನ್, ಅಂದ್ರೆ ಒಟ್ಟಿಗೆ ಆಗ್ಬೇಕಾದ ಕೆಲಸದ ಕಟ್ಟು, ಶುರು ಮಾಡಿ. ಮೊದಲನೆಯದ್ರಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿ, ಎರಡು ಅಂತ ಬರ್ತದೆ, ಸರಿ ನಾನೊಬ್ಬ ರಜೆ ಹಾಕಿದ್ರೆ ತೊಂದ್ರೆ ಇಲ್ಲ ಅಂತ ಮೊದಲ ಚೆಂಡೆಯವರ ಸಾಲು ಬದಲಿಸಿ. ಎರಡನೆಯದ್ರಲ್ಲೂ ಎಣಿಸಿ, ಅಲ್ಲೂ ಎರಡೇ ಕಾಣ್ತದೆ, ಎರಡನೆಯವರ ಸಾಲು ಬದಲಿಸಿ. ಎರಡೂ ಕಮಿಟ್ (ಪಕ್ಕಾ) ಮಾಡಿ. ಎರಡೂ ಆಗ್ತದೆ! ರಾತ್ರಿ ಆಟಕ್ಕೆ ಚೆಂಡೆಯವರೇ ಇಲ್ಲ. ಯಾರೂ ಇನ್ನೊಬ್ಬರ ಸಾಲು ಮುಟ್ಟಿಲ್ಲ, ಡೇಟಾಬೇಸ್ ಕಣ್ಣಿಗೆ ಜಗಳ ಇಲ್ಲ, ಆದ್ರೆ ನಿಯಮ ಮುರಿದು ಹೋಯ್ತು. ರೈಟ್ ಸ್ಕ್ಯೂ ಅಂದ್ರೆ ಇದು. ಈಗ ಅದನ್ನೇ ಸೀರಿಯಲೈಸೆಬಲ್ ಅನ್ನುವ ಅತಿ ಬಿಗಿಯ ಲೆವೆಲ್ ಹಾಕಿ ಮಾಡಿ, ಎರಡನೇ ಕಮಿಟ್‌ಗೆ ಎರರ್ ಬರ್ತದೆ, 2011ರಲ್ಲಿ ಬಂದ 9.1 ವರ್ಷನ್‌ನಿಂದ ಪೋಸ್ಟ್‌ಗ್ರೆಸ್ ಅದನ್ನು ಹಿಡೀತದೆ. ಐಸೋಲೇಷನ್ ಲೆವೆಲ್ ಬಗ್ಗೆ ನಾಲ್ಕು ಪುಟ ಬಾಯಿಪಾಠ ಮಾಡುದಕ್ಕಿಂತ ಈ ಹತ್ತು ನಿಮಿಷ ಸಾಕು.

ಹಾಗೆಯೇ ಪೋಸ್ಟ್‌ಗ್ರೆಸ್ ಓಡ್ತಾ ಇರುವಾಗ ಪ್ರೋಸೆಸನ್ನು ಬಲವಂತವಾಗಿ ಕೊಂದು ಮತ್ತೆ ಶುರು ಮಾಡಿ ಲಾಗ್ ಓದಿ, ಸರಿಯಾಗಿ ಮುಚ್ಚಿರ್ಲಿಲ್ಲ, ರಿಕವರಿ ನಡೀತಾ ಉಂಟು ಅನ್ನುವ ಅರ್ಥದ ಸಾಲು, ಆಮೇಲೆ ರೀಡೂ (ಮತ್ತೊಮ್ಮೆ ಮಾಡುದು) ಎಲ್ಲಿಂದ ಶುರು ಅನ್ನುವ ಸಾಲು ಕಾಣ್ತದೆ. ಅಂಡೂ (ಹಿಂದೆ ತೆಗೆಯುದು) ಕಾಣುದಿಲ್ಲ. ಇದನ್ನು ನೋಡಿ ಪುಸ್ತಕ ತಪ್ಪಾ ಅಂತ ತುಂಬ ಜನ ಗೊಂದಲ ಮಾಡ್ಕೊಳ್ತಾರೆ. ತಪ್ಪಲ್ಲ, ಪೋಸ್ಟ್‌ಗ್ರೆಸ್ ಹಳೇ ಸಾಲನ್ನು ಅಲ್ಲಿಯೇ ಇಟ್ಟು ಹೊಸದನ್ನು ಪಕ್ಕದಲ್ಲಿ ಬರೆಯುವ ಕಾರಣ ಹಿಂದೆ ತೆಗೆಯುವ ಕೆಲಸವೇ ಇಲ್ಲ, ಕಮಿಟ್ ಆಗದ ಸಾಲು ಯಾರಿಗೂ ಕಾಣುದಿಲ್ಲ, ಆಮೇಲೆ ವ್ಯಾಕ್ಯೂಮ್ ಬಂದು ಗುಡಿಸಿಕೊಂಡು ಹೋಗ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ಅಂಡೂ ಲಾಗ್ ಉಂಟು. ಇನ್ನೊಂದು, ನೂರು ಸಾಲಿನ ಟೇಬಲಿಗೆ ಇಂಡೆಕ್ಸ್ ಹಾಕಿ ಎಕ್ಸ್‌ಪ್ಲೇನ್ (ಯಾವ ದಾರಿ ಹಿಡೀತದೆ ಅಂತ ತೋರ್ಸುವ ಕಮಾಂಡ್) ಮಾಡಿದ್ರೆ ಅದು ಇಂಡೆಕ್ಸ್ ಬಳಸುದಿಲ್ಲ, ಗಾಬರಿ ಆಗ್ಬೇಡಿ, ಅಲ್ಲಿ ಪೇಜ್ 8 ಕೆಬಿ, ನೂರು ಚಿಕ್ಕ ಸಾಲು ಒಂದೋ ಎರಡೋ ಪೇಜಿನಲ್ಲಿ ಕೂತಿರ್ತದೆ, ನೇರ ಓದುದೇ ಅಗ್ಗ. ಲಕ್ಷಗಟ್ಟಲೆ ಸಾಲು ತುಂಬಿಸಿ ನೋಡಿ. ಒಂದು ಕೀಗೆ ಪಾಯಿಂಟರ್ ಸೇರಿ 16 ಬೈಟ್ ಅಂತ ಇಟ್ರೂ 8 ಕೆಬಿ ಪೇಜಿಗೆ ಸುಮಾರು 500 ಹಿಡೀತದೆ, ಮೂರು ಮಟ್ಟದ ಟ್ರೀಯಲ್ಲಿ 500 ಇಂಟು 500 ಇಂಟು 500, ಹನ್ನೆರಡೂವರೆ ಕೋಟಿ. ಕೇರಳದಲ್ಲಿ ಇರುವ ಅಷ್ಟೂ ಜನರಿಗೆ ಒಂದೊಂದು ನಂಬರ್ ಕೊಟ್ಟು ಹಾಕಿದ್ರೂ ಇಂಡೆಕ್ಸಿನ ಮೂರು ಪೇಜ್ ಮುಟ್ಟಿದ್ರೆ ಒಬ್ಬರ ಸಾಲು ಎಲ್ಲಿದೆ ಅಂತ ಸಿಗ್ತದೆ.

ಪುಸ್ತಕದ ಬಗ್ಗೆ ಹೆಚ್ಚು ಹೇಳುದಿಲ್ಲ. ಸಿಲ್ಬರ್‌ಷಾಟ್ಜ್, ಕೋರ್ತ್, ಸುದರ್ಶನ್ ಪುಸ್ತಕ ಎಲ್ಲ ಲೈಬ್ರರಿಯಲ್ಲೂ ಸಿಗ್ತದೆ, ಸುದರ್ಶನ್ ಬಾಂಬೆ ಐಐಟಿಯವರು, ಪರೀಕ್ಷೆಗೆ ಅದೇ ಸಾಕು, 2019ರ ಏಳನೇ ಎಡಿಷನ್ ಸಿಕ್ಕಿದ್ರೆ ಒಳ್ಳೆದು.

ಸಿಎಂಯುವಿನ 15-721 ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಅದರ ಹೆಸರಲ್ಲೇ ಅಡ್ವಾನ್ಸ್‌ಡ್ ಇರುವ ಕಾರಣ ನಮ್ಮ ಮಕ್ಕಳು ನೇರ ಅಲ್ಲಿಗೆ ಹೋಗ್ತಾರೆ. ಅದು 445 ಮುಗಿಸಿದವರಿಗೆ. 2024ರ ಸೀರೀಸ್ ಪೂರ್ತಿ ಅನಾಲಿಟಿಕಲ್ ಸಿಸ್ಟಮ್‌ಗಳ (ರಾಶಿ ಡೇಟಾದ ಒಟ್ಟು ಲೆಕ್ಕ ತೆಗೆಯುವಂಥವು) ಬಗ್ಗೆ, ಕಾಲಮ್ ಸ್ಟೋರ್, ವೆಕ್ಟರ್ ವೆಕ್ಟರಾಗಿ ಕ್ವೆರಿ ಓಡಿಸುದು, ಕ್ವೆರಿಯನ್ನೇ ಮೆಷಿನ್ ಕೋಡ್ ಮಾಡುದು ಇಂಥದ್ದು. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯೂಐ ಸಂಶೋಧನಾ ಸಂಸ್ಥೆಯಿಂದ ಬಂದ ಡಕ್‌ಡಿಬಿ ಡೇಟಾಬೇಸ್ ಯಾಕೆ ಅಷ್ಟು ಫಾಸ್ಟ್ ಅಂತ ತಿಳಿಯುವ ಆಸೆ ಇದ್ರೆ, ಪಿಎಚ್‌ಡಿ ಯೋಚನೆ ಇದ್ರೆ, ಎರಡನೇ ವರ್ಷದಲ್ಲಿ ಖಂಡಿತ ನೋಡಿ. ನಿಮ್ಮ ಸಿಲಬಸ್‌ನಲ್ಲಿ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ (ಹಲವು ಮೆಷಿನ್‌ನಲ್ಲಿ ಹಂಚಿದ್ದು) ಇದ್ರೆ ಅದಕ್ಕೆ ಈ 15-721 ಸಹಾಯ ಆಗುದು ಕಡಿಮೆ, 445ರ ಕೊನೆಯ ಪಾಠಗಳಲ್ಲಿ ಟೂ ಫೇಸ್ ಕಮಿಟ್ (ಹಲವು ಮೆಷಿನ್ ಒಟ್ಟಿಗೆ ಕಮಿಟ್ ಮಾಡುವ ಕ್ರಮ) ಬರ್ತದೆ, ಅದು ನೋಡಿ, ಆಮೇಲೆ 2012ರ ಗೂಗಲ್ ಸ್ಪ್ಯಾನರ್ ಪೇಪರ್ ಒಂದು ಓದಿ.

ಸಮಯ ಎಲ್ಲಿಂದ ತರುದು ಅಂತ ಕೇಳ್ತೀರಿ. ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಟ್ರೈನ್‌ನಲ್ಲಿ ಹೋಗಿ ಬರುವವರು ವಿಡಿಯೋ ಮೊದಲೇ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ದಾರಿಯಲ್ಲಿ ನೆಟ್ ನಂಬ್ಬೇಡಿ. ಕೋಡ್‌ಗೆ ವಾರಕ್ಕೆ ಎರಡು ರಾತ್ರಿ, ಆದಿತ್ಯವಾರ ಅರ್ಧ ದಿನ ಕೊಟ್ರೆ ಬರ್ಕ್ಲಿಯ ಐದು ಪ್ರಾಜೆಕ್ಟ್ ಒಂದು ಸೆಮಿಸ್ಟರಿಗೆ ಆಗ್ತದೆ. ಒಬ್ರೇ ಮಾಡ್ಬೇಡಿ, ಕ್ಲಾಸಿನಲ್ಲಿ ಒಬ್ರನ್ನು ಜೊತೆ ಮಾಡ್ಕೊಳ್ಳಿ, ಅವ್ರು ಮಲಯಾಳಂ ಮಾತಾಡುವವರಾದ್ರೂ ಪರ್ವಾಗಿಲ್ಲ, ನೀವು ಕಲಿತದ್ದನ್ನು ಅವ್ರಿಗೆ ನಿಮ್ಮ ಮಾತಲ್ಲಿ ಹೇಳುವಾಗ ನಿಮಗೇ ಎಲ್ಲಿ ಗೊತ್ತಿಲ್ಲ ಅಂತ ಗೊತ್ತಾಗ್ತದೆ. ಪ್ರಾಜೆಕ್ಟ್ ಮುಗಿದ ಮೇಲೆ ಉತ್ತರವನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕ್ಬೇಡಿ, ಸಿಎಂಯುವಿನವರು ಅದನ್ನು ಕೇಳ್ಕೊಂಡಿದ್ದಾರೆ, ಅಷ್ಟೆಲ್ಲ ಪುಕ್ಕಟೆ ಕೊಟ್ಟವರ ಮಾತು ಉಳಿಸ್ಬೇಕು. ಪ್ರೈವೇಟ್ ಇಟ್ಟು ಇಂಟರ್ವ್ಯೂನಲ್ಲಿ ಲ್ಯಾಪ್‌ಟಾಪ್ ತೆಗೆದು ತೋರ್ಸಿ.

ತಂಗಿಗೆ ಜಾವಾ ಮಾತ್ರ ಬರುದು, ಅವಳ ಸಿಲಬಸ್‌ನಲ್ಲಿ ಲಾಕಿಂಗ್ ಮತ್ತು ರಿಕವರಿ ದೊಡ್ಡ ಯೂನಿಟ್, ಲ್ಯಾಪ್‌ಟಾಪ್ ಅವಳ ಅಣ್ಣ ಬಿಟ್ಟು ಹೋದ ಹಳೇದು. ಹಾಗಾಗಿ ಬರ್ಕ್ಲಿ ತಗೊಳ್ಳು, ಪಕ್ಕದಲ್ಲಿ ಪೋಸ್ಟ್‌ಗ್ರೆಸ್ ಇಟ್ಕೊ, ರಜೆಯಲ್ಲಿ ಸಿ ಪ್ಲಸ್ ಪ್ಲಸ್ ಕಲಿತು ಬಸ್‌ಟಬ್‌ನ ಬಫರ್ ಪೂಲ್ ಒಂದು ಮಾಡು ಅಂತ ಹೇಳಿದೆ. ನಿನ್ನೆ ರಾತ್ರಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದಾಳೆ, ಲೀಫ್ ಒಡೆದ ಮೇಲೆ ಮಧ್ಯದ ಕೀ ಮೇಲೆ ಹೋಗ್ಬೇಕಾ, ಮೇಲೆ ಹೋಗಿಯೂ ಕೆಳಗೆ ಒಂದು ಕಾಪಿ ಇರ್ಬೇಕಾ ಅಂತ. ಲೀಫ್ ಆದ್ರೆ ಕಾಪಿ ಇರ್ಬೇಕು, ಒಳಗಿನ ನೋಡ್ ಆದ್ರೆ ಬೇಡ ಅಂತ ಬರೆದೆ.